ಗೋಡೆಯಾಚೆ ಹುಟ್ಟಿದವನ ಊರಿಗೆ

ಪಾಲಾರ್

ವಿದೇಶ ಪ್ರವಾಸವೆಂದರೆ ವಿಮಾನ ನಿಲ್ದಾಣದಿಂದ ಶುರುವಾಗುತ್ತದೆ ಎಂದುಕೊಂಡಿದ್ದೆ. ನಮ್ಮದು ಪಾಲಾರ್ ಚೆಕ್‌ಪೋಸ್ಟಿನಿಂದ ಶುರುವಾಯಿತು. ಯಾತ್ರೆಯ ತಂಡದಲ್ಲಿ ಹೆಚ್ಚಿನವರು ಮೆಟ್ಟೂರು ಕಡೆಯ ತಮಿಳು ಕ್ರೈಸ್ತರು. ಹನೂರು ಕಡೆಯಿಂದ ಹೊರಟ ನಾವು ನಾಲ್ವರು ಗಡಿಯಲ್ಲಿ ಅವರ ಬಸ್ಸು ಹತ್ತಿ, ಚೆನ್ನೈಗೆ ಹೋಗಿ, ಅಲ್ಲಿಂದ ಹಾರಬೇಕಿತ್ತು.

ನಾಲ್ವರಲ್ಲಿ ನಾನೊಬ್ಬಳೇ ಕ್ರೈಸ್ತಳಲ್ಲದವಳು. ಯಳಂದೂರು ತಾಲ್ಲೂಕಿನ ಅಗರದಲ್ಲಿ ಹುಟ್ಟಿ, ಕೊರಳಲ್ಲಿ ಲಿಂಗ ಕಟ್ಟಿಕೊಂಡು ಬೆಳೆದವಳು. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಹೇಳುತ್ತೇನೆ. ಓದುವ ಕಾಲದಲ್ಲಿ ಅಲ್ಲಿನ ಹಾಸ್ಟೆಲಿನಲ್ಲಿ ನನಗಿಂತ ಕೆಳಗಿನ ತರಗತಿಯಲ್ಲಿದ್ದ ಅರುಳ್ ಮೇರಿ ನನ್ನನ್ನು ಅಕ್ಕ ಎನ್ನುತ್ತಾಳೆ. ಬೆತ್ಲೆಹೇಮಿಗೆ ಹೊರಟವಳು ಅವಳು. ಜೊತೆಗೆ ಹೋಗಬೇಕಿದ್ದ ಅವಳ ಗಂಡ ಸವರಿ ಗೂಡ್ಸ್ ಆಟೋ ಮಗುಚಿಕೊಂಡು ಕಾಲು ಮುರಿದುಕೊಂಡ. ಉಳಿದವರೆಂದರೆ ಅವಳ ಅತ್ತೆ ತೆರೇಸಮ್ಮ ಮತ್ತು ಅವರ ಚರ್ಚಿನ ಫಾದರ್ ರಾಯಪ್ಪ. ಅತ್ತೆಯೊಂದಿಗೆ ಒಂದೇ ಕೋಣೆಯಲ್ಲಿ ತಾನೊಬ್ಬಳೇ ಮಲಗಲಾರೆ ಎಂದು ಮೇರಿ ಹಟ ಹಿಡಿದಳು. ಹಾಗೆ ನಾನು ಹೊರಟೆ.

ನನ್ನ ಅವ್ವನಿಗೆ ಇದು ಅರ್ಥವಾಗಲಿಲ್ಲ. "ಅವ್ರ ದೇವ್ರು ಉಟ್ಟಿದ್ ಊರ್ಗೆ ನೀನ್ಯಾಕಮ್ಮಿ? ಇಲ್ಲೇ ಇರೋ ಮಾದಪ್ಪನ್ ಬೆಟ್ಟುಕ್ಕೆ ಓಗು ಅಂದ್ರೆ ಕಾಲೇಜು ಅಂತೀಯ" ಎಂದಳು. ನಾನು ಇತಿಹಾಸ, ಸಂಶೋಧನೆ ಎಂದೆಲ್ಲ ಏನೋ ಹೇಳಿದೆ. ಪಾಲಾರ್ ದಾರಿಯಲ್ಲಿ ಮಾದಪ್ಪನ ಬೆಟ್ಟ ದಾಟುವಾಗ ಬಸ್ಸಿನಲ್ಲೇ ಕೈಮುಗಿದೆ. ತೆರೇಸಮ್ಮನೂ ಮುಗಿದಳು. "ಎಲ್ರೂ ದಾರಿ ಕಾಯ್ಲಿ ಬುಡು" ಎಂದಳು.

ಸವರಿ ಊರುಗೋಲು ಹಿಡಿದು ಗಡಿಯವರೆಗೂ ಬಂದಿದ್ದ. ಹೆಂಡತಿಗೆ ಏನು ಹೇಳಬೇಕೆಂದು ತೋಚದೆ ನನಗೆ ಹೇಳಿದ. "ಟೀಚ್ರೆ, ಇವ್ಳು ಸರ್ಯಾಗಿ ಉಣ್ಣಕಿಲ್ಲ. ವಸಿ ನೋಡ್ಕಳಿ. ಅಲ್ಲೋದ್ರೆ ಮನ್ಸು ಸಮಾಧಾನ ಆಯ್ತದೆ ಅಂತವ್ಳೆ."

ಮೇರಿ ಬಸ್ಸಿನ ಕಿಟಕಿಯಲ್ಲಿ ಅವನ ಕಡೆ ತಿರುಗಲಿಲ್ಲ.

ಜೋರ್ಡಾನ್ ನದಿ

ಅಮ್ಮಾನಿನಲ್ಲಿ ಇಳಿದ ಮರುದಿನ ನಮ್ಮನ್ನು ಜೋರ್ಡಾನ್ ನದಿಯ ದಡಕ್ಕೆ ಕರೆದೊಯ್ದರು. ಯೇಸುವಿಗೆ ಜ್ಞಾನಸ್ನಾನವಾದ ಜಾಗ. ಯಳಂದೂರಿನ ಸುವರ್ಣಾವತಿಯನ್ನು ಬೇಸಿಗೆಯಲ್ಲಿ ನೋಡಿದವರಿಗೆ ಈ ನದಿಯನ್ನು ಬಣ್ಣಿಸಬೇಕಿಲ್ಲ. ಅಷ್ಟೇ ಅಗಲ, ಅಷ್ಟೇ ಕಂದು ನೀರು, ಎರಡೂ ಬದಿ ಜೊಂಡು. ವ್ಯತ್ಯಾಸವೆಂದರೆ ಆಚೆ ದಡದಲ್ಲಿ ಬಂದೂಕು ಹಿಡಿದವರು ನಿಂತಿದ್ದರು.

"ಇಷ್ಟೇಯಾ? ನಮ್ ಕಾವೇರಿ ಮುಂದೆ ಇದು ಕಾಲ್ವೆ ಕಣಮ್ಮಿ" ಎಂದು ತೆರೇಸಮ್ಮ ಮೂಗು ಮುರಿದಳು. ಹಾಗೆ ಹೇಳುತ್ತಲೇ ಚಪ್ಪಲಿ ಬಿಟ್ಟು, ಸೀರೆ ಮೊಣಕಾಲಿಗೆ ಎತ್ತಿಕಟ್ಟಿ, ಎಲ್ಲರಿಗಿಂತ ಮೊದಲು ನೀರಿಗಿಳಿದಳು. ತಂಡದವರೆಲ್ಲ ಇಳಿದರು. ಫಾದರ್ ರಾಯಪ್ಪ ಒಬ್ಬೊಬ್ಬರ ತಲೆಗೂ ನೀರು ಸುರಿದರು. ಯಾರೋ ವಿಡಿಯೋ ಕಾಲಿನಲ್ಲಿ ಮೆಟ್ಟೂರಿನ ಮನೆಯವರಿಗೆ ನದಿ ತೋರಿಸುತ್ತಿದ್ದರು. ಮೇರಿ ಮರದ ಮೆಟ್ಟಿಲ ಮೇಲೆ ನನ್ನ ಪಕ್ಕದಲ್ಲಿ ಕುಳಿತೇ ಇದ್ದಳು.

"ನಿಂಗಂತೂ ಬ್ಯಾಡ, ಸರಿ. ನಂಗೂ ಬ್ಯಾಡ ಅಕ್ಕ. ಒಂದ್ ಗುಕ್ಕು ನೀರ್ಗೆ ಅಲ್ವಾ ಎಲ್ಲಾ ಆಗಿದ್ದು."

ಇಲ್ಲಿ ಓದುಗರಿಗೆ ಹೇಳಿಬಿಡುತ್ತೇನೆ. ಮೇರಿಯ ಮೊದಲ ಮಗು ಹುಟ್ಟಿ ಒಂದು ರಾತ್ರಿಯೂ ಉಳಿಯಲಿಲ್ಲ. ಹೆಣ್ಣು ಮಗು. ಜ್ಞಾನಸ್ನಾನ ಕೊಡಿಸಲು ಸಮಯ ಸಿಗಲಿಲ್ಲ. ಫಾದರ್ ಆಗ ಊರಲ್ಲಿರಲಿಲ್ಲ. ಅವರ ಊರಲ್ಲಿ, ಹನೂರು ದಾಟಿ ಗಡಿಯ ಕಡೆಗೆ ಸಿಗುವ ಆ ಪುಟ್ಟ ಊರಲ್ಲಿ, ಹಿಂದಿನಿಂದ ಬಂದ ಒಂದು ರೂಢಿಯಿದೆ. ಜ್ಞಾನಸ್ನಾನವಾಗದೆ ಸತ್ತ ಕೂಸನ್ನು ಸ್ಮಶಾನದ ಗೋಡೆಯ ಒಳಗೆ ಮಣ್ಣು ಮಾಡುವುದಿಲ್ಲ. ಗೋಡೆಯ ಹೊರಗೆ, ಕಳ್ಳಿ ಬೇಲಿಯ ಅಂಚಿನಲ್ಲಿ, ಪ್ರಾರ್ಥನೆಯಿಲ್ಲದೆ, ಶಿಲುಬೆ ನೆಡದೆ ಇಟ್ಟು ಬರುತ್ತಾರೆ. ಮೇರಿ ಕೊಳ್ಳೇಗಾಲದ ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅಲ್ಲಿ ಎಲ್ಲ ಮುಗಿದುಹೋಗಿತ್ತು. ಹಾಗೇ ಆಗಬೇಕೆಂದು ನಿಂತು ಮಾಡಿಸಿದವಳು ತೆರೇಸಮ್ಮ. ಹಿಂತಿರುಗಿ ಬಂದ ಫಾದರ್, ಈ ರೂಢಿಯನ್ನು ಚರ್ಚು ಈಗ ಕೇಳುವುದಿಲ್ಲ, ಒಳಗೇ ಇಡಬಹುದಿತ್ತು ಎಂದರಂತೆ. ಮಗು ದೇವರ ಬಳಿ ಸೇರಿತೇ ಎಂದು ಮೇರಿ ಕೇಳಿದ್ದಕ್ಕೆ, "ದೇವರ ಕರುಣೆಗೆ ಒಪ್ಪಿಸೋಣ" ಎಂದರಂತೆ.

ಆ 'ಒಪ್ಪಿಸೋಣ' ಎಂಬ ಮಾತು ಅವಳಿಗೆ ಸಾಲಲಿಲ್ಲ. ಸೇರಿತು ಎಂದು ಯಾರಾದರೂ ಹೇಳಬೇಕಿತ್ತು. ದೇವರೇ ಕೂಸಾಗಿ ಹುಟ್ಟಿದ ಜಾಗದಲ್ಲಿ, ಆ ನೆಲ ಮುಟ್ಟಿ ಕೇಳುತ್ತೇನೆ ಎಂದು ಹೊರಟು ಬಂದಿದ್ದಳು.

ಬಸ್ಸಿನಲ್ಲಿ

ನದಿಯಿಂದ ಮರಳುವಾಗ ನಾನು ಫಾದರ್ ಪಕ್ಕದಲ್ಲಿ ಕುಳಿತೆ. ಅವರು ನಮ್ಮ ಸೀಮೆಯವರೇ. ಕೊಳ್ಳೇಗಾಲದ ಬಳಿ ಮೇಕೆ ಮೇಯಿಸಿ ಬೆಳೆದವರು. ನನಗೊಂದು ಪ್ರಶ್ನೆ ಇತ್ತು. ನಮ್ಮ ಮನೆಯಲ್ಲಿ ಹುಟ್ಟನ್ನೇ ಬಂಧನ ಎನ್ನುತ್ತಾರೆ. ಭವ ಹರಿಯಲಿ, ಮತ್ತೆ ಹುಟ್ಟದಿರಲಿ ಎಂದು ಬೇಡುತ್ತಾರೆ. ಇವರಿಗೆ ಬಿಡುಗಡೆ ಬಂದದ್ದೇ ಒಂದು ಹುಟ್ಟಿನಿಂದ ಎಂದರೆ ಹೇಗೆ? ಶಿಲುಬೆಯ ಸಾವು ಪಾಪ ಕಳೆಯಿತು ಎನ್ನುವುದಾದರೆ ಹುಟ್ಟಿಗೇಕೆ ಇಷ್ಟು ದೊಡ್ಡ ಹಬ್ಬ?

"ಸಾಯಬೇಕಾದರೆ ಹುಟ್ಟಬೇಕಲ್ಲ ಮೇಡಂ" ಎಂದು ನಕ್ಕರು. ಆಮೇಲೆ ನಗು ಬಿಟ್ಟು ಹೇಳಿದರು. "ಚಿಕ್ಕವನಿದ್ದಾಗ ನಮ್ಮ ಮೇಕೆಮರಿ ಪಾಳುಬಾವಿಗೆ ಬಿತ್ತು. ಎಲ್ಲರೂ ಮೇಲೆ ನಿಂತು ಹಗ್ಗ ಬಿಟ್ಟರು. ಮೇಕೆಮರಿ ಹಗ್ಗ ಹಿಡಿಯುತ್ತಾ? ನಮ್ಮಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದುಬಿಟ್ಟರು. ದೇವರೂ ಅಷ್ಟೇ. ಮೇಲೆ ನಿಂತು ಕ್ಷಮಿಸಿದೆ ಅನ್ನಬಹುದಿತ್ತು. ಅನ್ನಲಿಲ್ಲ. ನಮ್ಮ ಹಸಿವು, ನಮ್ಮ ಉಚ್ಚೆ ಬಟ್ಟೆ, ನಮ್ಮ ಸಾವು ಇರೋ ಕಡೆಗೇ ಇಳಿದ. ಎತ್ತೋ ಕೆಲಸ ಶಿಲುಬೇಲಿ ಮುಗೀತು. ಶುರುವಾಗಿದ್ದು ಗೋದಲೀಲಿ."

ಗೋದಲಿ ಎಂದರೆ ಕ್ರಿಸ್‌ಮಸ್ಸಿಗೆ ಅವರು ಮನೆಮನೆಯಲ್ಲಿ ಕಟ್ಟುವ ದನದ ಕೊಟ್ಟಿಗೆ. ಅದರಲ್ಲಿ ಹುಲ್ಲಿನ ಮೇಲೆ ಮಲಗಿದ ಬಾಲಯೇಸು.

ಹಿಂದಿನ ಸೀಟಿನಿಂದ ಮೇರಿಯ ದನಿ ಬಂತು. ನಾವು ಮಾತಾಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು.

"ಇಳಿದೋನು ಎಲ್ರುನ್ನೂ ಎತ್ಕಂಡು ಬಂದ್ನಾ ಫಾದರ್? ಇಲ್ಲಾ ತಲೆ ಮ್ಯಾಲೆ ನೀರ್ ಬಿದ್ದೋರ್ನ ಮಾತ್ರಾನಾ?"

ಫಾದರ್ ಕಿಟಕಿಯ ಕಡೆ ಮುಖ ತಿರುಗಿಸಿದರು. ತೆರೇಸಮ್ಮ ಜಪಮಣಿ ಎಣಿಸುವುದನ್ನು ನಿಲ್ಲಿಸಿ, "ದೊಡ್ಡೋರ್ಗೆ ಇಂಗಾ ಮಾತಾಡದು?" ಎಂದು ಗದರಿದಳು. ಬಸ್ಸಿನ ಟಿವಿಯಲ್ಲಿ ಹಾಡು ಬರುತ್ತಿತ್ತು.

ಸೇತುವೆ

ಜೋರ್ಡಾನಿನಿಂದ ಬೆತ್ಲೆಹೇಮಿನ ಕಡೆ ಹೋಗಲು ಗಡಿಯ ಸೇತುವೆಯೊಂದನ್ನು ದಾಟಬೇಕು. ಅಲ್ಲಿ ತೆರೇಸಮ್ಮನ ಚೀಲ ಸಿಕ್ಕಿಬಿದ್ದಿತು. ಒಳಗೆ ರಾಗಿ ಹಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದ್ದು. ಸಮವಸ್ತ್ರದ ಹುಡುಗಿ ಕೈಗವಸು ಹಾಕಿಕೊಂಡು ಅದನ್ನು ಬಿಚ್ಚಿ, ಕಾಗದದ ಚೂರಿನಿಂದ ಒರೆಸಿ, ಆ ಚೂರನ್ನು ಯಂತ್ರಕ್ಕೆ ತುರುಕಿದಳು. ಸಿಡಿಮದ್ದಿನ ಪರೀಕ್ಷೆ.

"ಮುದ್ದೆ ಕಣವ್ವ, ಮುದ್ದೆ! ತಿನ್ನದು!" ಎಂದು ತೆರೇಸಮ್ಮ ಬಾಯಿಗೆ ಕೈ ಮಾಡಿ ತೋರಿಸಿದಳು. ಯಂತ್ರ ಹಸಿರು ದೀಪ ತೋರಿತು. ಹುಡುಗಿಗೂ ನಗು ತಡೆಯಲಿಲ್ಲ. ಆ ಪ್ರಯಾಣದಲ್ಲಿ ನಾವು ಮನಸಾರೆ ನಕ್ಕದ್ದು ಅದೇ ಕೊನೆ.

ಬೆತ್ಲೆಹೇಮಿಗೆ ಹೋಗುವ ದಾರಿಯಲ್ಲಿ ಕಾಂಕ್ರೀಟಿನ ಗೋಡೆ. ನಮ್ಮ ತೆಂಗಿನ ಮರದಷ್ಟು ಎತ್ತರ, ಕಣ್ಣು ಹಾಯುವವರೆಗೂ ಉದ್ದ. ಆ ಊರಿನವರು ಅಪ್ಪಣೆಯಿಲ್ಲದೆ ಈಚೆ ಬರುವಂತಿಲ್ಲವೆಂದು ಗೈಡ್ ಹೇಳಿದ. ಮೇರಿ ಅದನ್ನು ಬಹಳ ಹೊತ್ತು ನೋಡಿದಳು. "ಇಲ್ಲೂ ಅದೇಯಾ" ಎಂದಳು.

ಬೆತ್ಲೆಹೇಮ್, ಮುಚ್ಚಿದ ಬಾಗಿಲು

ಬೆಳಿಗ್ಗೆ ಎದ್ದಾಗ ಯುದ್ಧ ಶುರುವಾಗಿತ್ತು. ಗೋಡೆಯ ಆ ಬದಿಯ ಸರ್ಕಾರಕ್ಕೂ, ಪೂರ್ವಕ್ಕೆ ದೂರದಲ್ಲಿರುವ ಇನ್ನೊಂದು ದೇಶಕ್ಕೂ. ಕ್ಷಿಪಣಿಗಳು ಈ ಊರಿನ ನೆತ್ತಿಯ ಮೇಲಿಂದಲೇ ಹಾಯುತ್ತವೆ. ಇದು ಅವುಗಳ ಗುರಿಯಲ್ಲ, ಆದರೆ ಆಕಾಶದಲ್ಲಿ ಒಡೆದ ಚೂರುಗಳಿಗೆ ಗುರಿ ಗೊತ್ತಿರುವುದಿಲ್ಲ ಎಂದು ಹೋಟೆಲಿನವನು ಹೇಳಿದ. ಊರಿನಲ್ಲಿ ಅಡಗಲು ಬಂಕರುಗಳಿಲ್ಲ. ಯಾರೂ ಹೊರಗೆ ಹೋಗಬೇಡಿ ಎಂದ.

ಮೇರಿ ಆಗಲೇ ಸೆರಗು ತಲೆಗೆ ಹೊದ್ದು ಬಾಗಿಲಲ್ಲಿ ನಿಂತಿದ್ದಳು. "ಚರ್ಚು ಇಲ್ಲೇ ಆ ತಿರುವ್ನಲ್ಲಿ ಅದೆ. ನೋಡ್ಕಂಡು ಬಂದ್ಬುಡ್ತೀನಿ." ಅವಳನ್ನು ಒಬ್ಬಳೇ ಬಿಡಲು ಫಾದರಿಗೆ ಮನಸ್ಸಾಗಲಿಲ್ಲ. ಸೊಸೆಯನ್ನು ಬಿಡಲು ತೆರೇಸಮ್ಮನಿಗೂ. ಹೀಗೆ ನಾಲ್ವರೂ ಹೊರಟೆವು.

ಚರ್ಚಿನ ಮುಂದಿನ ಕಲ್ಲುಹಾಸಿನ ಚೌಕದಲ್ಲಿ ಒಂದು ಬೆಕ್ಕು ಬಿಟ್ಟರೆ ಯಾರೂ ಇರಲಿಲ್ಲ. ಎದುರಿಗೆ ಮಸೀದಿ. ಅಂಗಡಿಗಳ ಷಟರ್ ಎಳೆದಿದ್ದವು. ಜಗತ್ತಿನ ಕ್ರೈಸ್ತರೆಲ್ಲ ಹಂಬಲಿಸುವ ಈ ಚರ್ಚಿಗೆ ಇರುವುದು ಎದೆಯೆತ್ತರದ ಒಂದು ಬಾಗಿಲು. ಬಗ್ಗದೆ ಒಳಗೆ ಹೋಗಲಾಗದು. ಕುದುರೆ ಏರಿ ನುಗ್ಗುವವರನ್ನು ತಡೆಯಲು ಹಿಂದೆ ಯಾವಾಗಲೋ ದೊಡ್ಡ ಬಾಗಿಲನ್ನು ಕಲ್ಲಿಟ್ಟು ಕಿರಿದು ಮಾಡಿದರಂತೆ. ಆ ಕಿರುಬಾಗಿಲು ಅಂದು ಮುಚ್ಚಿತ್ತು.

ಫಾದರ್ ತಟ್ಟಿದರು. ಒಳಗಿನಿಂದ ಯಾವ ಸದ್ದೂ ಇಲ್ಲ. ಮೇರಿ ಎರಡೂ ಅಂಗೈಗಳನ್ನು ಬಾಗಿಲಿಗೆ ಒತ್ತಿ ನಿಂತಳು. ಆಸ್ಪತ್ರೆಯಲ್ಲಿ ಮಗುವಿರುವ ಕೋಣೆಯ ಗಾಜಿನ ಮುಂದೆ ತಾಯಂದಿರು ನಿಲ್ಲುವುದನ್ನು ನೀವೂ ನೋಡಿರುತ್ತೀರಿ.

ತೆರೇಸಮ್ಮ ನಮ್ಮೂರಿನ ಚರ್ಚುಗಳಲ್ಲಿ ಮಾಡುವಂತೆಯೇ ಮಾಡಿದಳು. ಚೌಕದ ಆ ತುದಿಯಲ್ಲೇ ಚಪ್ಪಲಿ ಬಿಟ್ಟು ಬಂದಿದ್ದಳು. ಅಲ್ಲಿ ಬೂಟು ಹಾಕಿಕೊಂಡೇ ಎಲ್ಲರೂ ಒಳಗೆ ಹೋಗುತ್ತಾರೆಂದು ಫಾದರ್ ಹೇಳಿದ್ದರು. "ಅವ್ರು ಓಯ್ತಾರೆ ಅಂತ ನಾನೂ ಓಗ್ಲಾ? ಸ್ವಾಮಿ ಉಟ್ಟಿದ್ ಜಾಗ" ಎಂದು, ಮುಚ್ಚಿದ ಬಾಗಿಲಿನ ಮುಂದೆ ಬರಿಗಾಲಲ್ಲಿ ಮೊಣಕಾಲೂರಿದಳು.

ಆಗ ಸೈರನ್ ಕೂಗಿತು. ಊರಿನದಲ್ಲ, ಗುಡ್ಡದಾಚೆಯದು. ದೂರದ್ದಾದ್ದರಿಂದ, ಏನು ಎಲ್ಲಿ ಬೀಳುತ್ತದೆಂದು ತಿಳಿಯದೆ, ಇನ್ನೂ ಭಯವಾಯಿತು. ಫಾದರ್ "ಓಡಿ" ಎಂದರು. ಓಡಿದೆವು. ಚೌಕದ ಅರ್ಧಕ್ಕೆ ಬಂದಾಗ ತೆರೇಸಮ್ಮ ಪಕ್ಕದಲ್ಲಿ ಇರಲಿಲ್ಲ. ಬೇರೆ ದಿಕ್ಕಿಗೆ, ಚಪ್ಪಲಿ ಬಿಟ್ಟ ಕಡೆಗೆ ಓಡುತ್ತಿದ್ದಳು.

ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಬಿಸಿಲಿಗೆ ಕಾದ ಬಿಳಿಗಲ್ಲಿನ ಮೇಲೆ ಮುದುಕಿಯೊಬ್ಬಳು ಬರಿಗಾಲಲ್ಲಿ ಜಿಗಿಯುತ್ತ ಹೋಗುತ್ತಿದ್ದಾಳೆ. ಅವಳ ಹಿಂದೆ ಮೇರಿ. ಮೇರಿಯ ಹಿಂದೆ ನಾನು. ಆಕಾಶದಲ್ಲಿ ಹಗಲಲ್ಲೂ ಉರಿಯುವ ಬೆಳಕಿನ ಗೆರೆಗಳು, ಅವುಗಳನ್ನು ಎದುರುಗೊಳ್ಳಲು ಕೆಳಗಿನಿಂದ ಏರುವ ಇನ್ನಷ್ಟು ಗೆರೆಗಳು. ಮಸೀದಿಯಲ್ಲಿ ನಮಾಜಿನ ಕರೆ ಸೈರನ್ನಿನ ಜೊತೆ ಬೆರೆತು ಒಂದೇ ಸದ್ದಾಗಿದೆ.

"ಬುಡತ್ತೆ! ಚಪ್ಲಿ ಓದ್ರೆ ಓಗ್ಲಿ ಬಾ!"

"ಕಾಲು ಸುಡ್ತದಲ್ಲೇ ಅಮ್ಮಿ!"

ಓಣಿಯ ಬಾಗಿಲೊಂದು ತೆರೆಯಿತು. ನಡುವಯಸ್ಸಿನ ಗಂಡಸೊಬ್ಬ ಇಂಗ್ಲಿಷಿನಲ್ಲಿ ಕೂಗುತ್ತ ನಮ್ಮೆಲ್ಲರನ್ನೂ ಒಳಗೆಳೆದುಕೊಂಡ. ಇಲ್ಯಾಸ್ ಎಂದು ಅವನ ಹೆಸರು. ಆಲಿವ್ ಮರದಲ್ಲಿ ಗೋದಲಿಯ ಗೊಂಬೆಗಳನ್ನು ಕೆತ್ತಿ ಯಾತ್ರಿಕರಿಗೆ ಮಾರುವವನು, ಆ ಊರಿನ ಕ್ರೈಸ್ತ.

ಇಲ್ಯಾಸನ ಮನೆಯ ಕೆಳಗೆ

ಮನೆಯ ಅಂಗಳದ ಮೂಲೆಯಲ್ಲಿ ಕೆಳಗಿಳಿಯುವ ಮೆಟ್ಟಿಲು. ಕೆಳಗೆ ಗುಹೆ. ಅಲ್ಲಿ ಎಷ್ಟೋ ಹಳೆಯ ಮನೆಗಳು ಹೀಗೆಯೇ ಇವೆಯಂತೆ. ಮೇಲೆ ಜನ, ಕೆಳಗಿನ ಗುಹೆಯಲ್ಲಿ ಆಡುಕುರಿ. ಈಗ ಅಲ್ಲಿ ಮರದ ತುಂಡುಗಳು, ಎಣ್ಣೆಯ ಡಬ್ಬಗಳು. ಇಲ್ಯಾಸನ ಮುದಿ ತಾಯಿ ಒಂದು ಕುರ್ಚಿಯಲ್ಲಿ ಕುಳಿತು ಅರಬ್ಬಿಯಲ್ಲಿ ಏನೋ ಪ್ರಾರ್ಥಿಸುತ್ತಿದ್ದಳು. ನಮ್ಮನ್ನು ಕಂಡು ಪ್ರಾರ್ಥನೆ ನಿಲ್ಲಿಸದೆಯೇ ಕೈಸನ್ನೆಯಲ್ಲಿ ಮಗನಿಗೆ ಚಹಾ ಇಡಲು ಹೇಳಿದಳು. ಮನೆಗೆ ಬಂದವರಿಗೆ ಮೊದಲು ಏನಾದರೂ ಕುಡಿಯಲು ಕೊಡಬೇಕೆಂಬುದು ಅಲ್ಲೂ ಇದೆ. ಆಕಾಶ ಕಳಚಿ ಬೀಳುತ್ತಿದ್ದರೂ ಇದೆ.

ತೆರೇಸಮ್ಮ, ಫಾದರ್, ನಾನು ಇಳಿದೆವು. ಮೇರಿ ಇಳಿಯಲಿಲ್ಲ.

ನಾನು ಮತ್ತೆ ಎರಡು ಮೆಟ್ಟಿಲು ಹತ್ತಿ ನೋಡಿದರೆ ಅಂಗಳದ ನಡುವೆ ನಿಂತು ಮೇಲೆ ನೋಡುತ್ತಿದ್ದಳು. ಕೂಗಿದೆ. ತಿರುಗಲಿಲ್ಲ. ಹತ್ತಿ ಹೋಗಿ ಅವಳ ರಟ್ಟೆ ಹಿಡಿದೆ. ಆಗಲೇ ಆದದ್ದು.

ಇದನ್ನು ಬರೆಯಲು ಕುಳಿತಾಗಲೆಲ್ಲ ಇಲ್ಲಿ ನಿಲ್ಲುತ್ತೇನೆ. ಸದ್ದು ಮೊದಲೋ, ನೀರು ಮೊದಲೋ? ಹಿಂದಿನಿಂದ ಯಾರೋ ತಳ್ಳಿದಂತಾಯಿತೋ, ನಾನೇ ಬಿದ್ದೆನೋ? ಒಂದು ಸಲ ಸದ್ದು ಮೊದಲು ಎನಿಸುತ್ತದೆ. ಇನ್ನೊಂದು ಸಲ, ಮೇರಿಯ ಮುಖದ ಮೇಲೆ ನೀರು ಇಳಿಯುತ್ತಿರುವುದನ್ನು ನೋಡುತ್ತ ನಿಂತಿದ್ದೇನೆ, ಯಾವ ಸದ್ದೂ ಇಲ್ಲ. ಆದದ್ದು ಇಷ್ಟು: ಬಾಗಿಲ ಹಲಗೆಯಷ್ಟು ದೊಡ್ಡ ಸುಟ್ಟ ಲೋಹದ ತುಂಡು ಮಹಡಿಯ ಮೇಲಿನ ಕಪ್ಪು ನೀರಿನ ಟ್ಯಾಂಕನ್ನು ಸೀಳಿ, ಗೋಡೆಗೆ ಬಡಿದು, ನಾವಿದ್ದಲ್ಲಿಂದ ನಮ್ಮ ಮನೆಯ ಜಗಲಿಯಷ್ಟು ದೂರದಲ್ಲಿ ಬಿದ್ದಿತ್ತು. ಇನ್ನೂ ಹೊಗೆಯಾಡುತ್ತಿತ್ತು. ಟ್ಯಾಂಕಿನ ನೀರೆಲ್ಲ ನಮ್ಮ ಮೇಲೆ ಸುರಿಯಿತು.

ಇಲ್ಯಾಸ್ ಓಡಿ ಬಂದವನು ಮೊದಲು ಟ್ಯಾಂಕನ್ನು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡ. ಅವರಿಗೆ ನಲ್ಲಿಯಲ್ಲಿ ನೀರು ಬರುವುದು ಎಷ್ಟೋ ವಾರಗಳಿಗೊಮ್ಮೆ. ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾಯುವ ಹನೂರಿನವರಿಗೆ ಅವನ ಮುಖದ ಕಳೆ ಗೊತ್ತಾದೀತು. ಆಮೇಲೆ ನಮ್ಮಿಬ್ಬರನ್ನೂ ಕೆಳಗೆ ತಳ್ಳಿದ.

ಗುಹೆಯಲ್ಲಿ

ಮುಂದಿನ ಜನ್ಮ ಬೇಡ ಎಂದು ಚಿಕ್ಕಂದಿನಿಂದ ಹೇಳಿಕೊಂಡು ಬಂದವಳು ಆಗ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಈ ಜನ್ಮವನ್ನೇ ಬೇಡುತ್ತಿದ್ದೆ. ಹುಟ್ಟು ಬಂಧನವೆಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಲೇ ಇಲ್ಲ.

ಮೇಲೆ ಮತ್ತೆ ಗುಡುಗಿದಂತಾಯಿತು. ಸೂರಿನಿಂದ ಮಣ್ಣು ಉದುರಿತು. ತೆರೇಸಮ್ಮ ತನ್ನ ಸೆರಗಿನಲ್ಲಿ ಮೇರಿಯ ತಲೆ ಒರೆಸಲು ಹೋದಳು. ಮೇರಿ ಆ ಕೈಯನ್ನು ತಳ್ಳಿದಳು.

"ಮುಟ್ಬೇಡ. ನೀನು ಮುಟ್ಬೇಡ ನನ್ನ."

"ಏನ್ಲೇ ಅಮ್ಮಿ ನಿಂಗೆ? ಸಾಯಕ್ಕೆ ನಿಂತಿದ್ಯಲ್ಲ ಅಲ್ಲಿ!"

"ಸತ್ರೆ ಏನು?" ಮೇರಿ ಫಾದರ್ ಕಡೆ ತಿರುಗಿದಳು. "ಯೇಳಿ ಫಾದರ್. ಇಲ್ಲೇ ಸತ್ರೆ ನಾನೆಲ್ಲಿಗೆ ಓಯ್ತೀನಿ? ಸ್ವರ್ಗಕ್ಕೆ ಅಲ್ವಾ? ನಂಗೆ ನೀರ್ ಉಯ್ದವ್ರೆ, ಎಸ್ರು ಇಟ್ಟವ್ರೆ, ಗೋಡೆ ಒಳಗೇ ಮಣ್ ಮಾಡ್ತೀರ. ನನ್ ಕೂಸು ಆಚೆ. ಬದ್ಕಿದ್ರೂ ಅದು ನನ್ ತಾವಿಲ್ಲ, ಸತ್ರೂ ನಾನು ಅದ್ರ ತಾವ್ಕೆ ಓಗಂಗಿಲ್ಲ. ಅಂಗಿದ್ರೆ ಆ ಸ್ವರ್ಗ ನಂಗ್ಯಾಕೆ? ಇಷ್ಟು ಕೇಳಕ್ಕೇ ಬಂದೆ. ಬಾಗ್ಲು ಆಕ್ಬುಟ್ಟವ್ರೆ."

ಫಾದರ್ ಏನೋ ಹೇಳಲು ಹೊರಟರು. ಅವರಿಗಿಂತ ಮೊದಲು ತೆರೇಸಮ್ಮ ಮಾತಾಡಿದಳು. ಅವಳು ಗುಹೆಯ ಗೋಡೆಯನ್ನು ನೋಡುತ್ತಿದ್ದಳು. ಅಲ್ಲಿ ಬಂಡೆಯನ್ನೇ ಕೊರೆದು ಮಾಡಿದ ಒಂದು ಬಾನಿ ಇತ್ತು, ನಮ್ಮಲ್ಲಿ ದನಗಳಿಗೆ ನೀರಿಡುವ ಕಲ್ಲುಬಾನಿಯ ಹಾಗೆ.

"ಕೂಸ ಆಚೆ ಮಡುಗ್ಸಿದ್ದು ನಾನೇ. ರೂಢಿ ಅಂತಲ್ಲ. ರೂಢಿ ಬುಡಬೌದಿತ್ತು. ಸವರಿ ಬ್ಯಾಡ ಅಂದ. ನಾನೇ ಬುಡ್ನಿಲ್ಲ."

ಮೇರಿ ಅವಳ ಕಡೆ ತಿರುಗಿದಳು.

"ಸವರಿಗಿಂತ ಮುಂದೆ ನಂಗೊಂದು ಉಟ್ಟಿತ್ತು. ಗಂಡು. ಅತ್ತಿದ್ದೇ ಒಂದ್ಸಲಿ. ಅದ್ನೂ ಅಲ್ಲೇ ಬೇಲಿ ತಾವ್ ಮಡುಗುದ್ರು. ನಮ್ಮತ್ತೆ ನಂಗೆ ಅಳಕ್ಕೂ ಬುಡ್ನಿಲ್ಲ. ಅಲ್ಲಿಂದ ಈಚ್ಗೆ ಕಳ್ಳಿ ಸಂದೀಲಿ ಒಂಟ್ಯಾಗ್ ಮನ್ಗದೆ ಅದು. ಯಾರ್ಗೂ ಯೇಳ್ನಿಲ್ಲ, ಸವರಿಗೂ ಯೇಳ್ನಿಲ್ಲ. ನಿನ್ ಕೂಸು ಓದಾಗ..." ಅವಳು ಸೆರಗು ಬಾಯಿಗೆ ತುರುಕಿಕೊಂಡು ಮತ್ತೆ ತೆಗೆದಳು. "ಇದ್ನ ಒಳಗಿಟ್ರೆ ಅದು ಅಲ್ಲೇ ಒಂದೇ ಉಳ್ಕತದಲ್ಲ ಅನ್ನಿಸ್ತು. ಪಕ್ಕಕ್ಕೆ ಮಡುಗ್ಸುದ್ರೆ ಜೊತೆ ಆಯ್ತದೆ ಅಂತ... ತಪ್ಪಾ ಅದು? ತಪ್ಪೇ ಇರ್ಬೌದು."

ಇಲ್ಯಾಸನ ತಾಯಿಗೆ ಒಂದು ಮಾತೂ ಅರ್ಥವಾಗಿರಲಿಕ್ಕಿಲ್ಲ. ಎದ್ದು ಬಂದು ತೆರೇಸಮ್ಮನ ಪಕ್ಕದಲ್ಲಿ ನೆಲದ ಮೇಲೆ ಕುಳಿತಳು.

ಫಾದರ್ ರಾಯಪ್ಪ ಮಾತಾಡಿದಾಗ ಅದು ಪ್ರವಚನದ ದನಿಯಾಗಿರಲಿಲ್ಲ. ಹೆದರಿದ ಮನುಷ್ಯನ ದನಿ.

"ಮೇರಿ, ಕರುಣೆಗೆ ಒಪ್ಪಿಸೋಣ ಅಂತ ನಿನಗೆ ಹೇಳಿದೆ. ಗೊತ್ತಿಲ್ಲದ್ದನ್ನ ಗೊತ್ತು ಅನ್ನಬಾರದು ಅಂತ ಹಾಗೆ ಹೇಳಿದ್ದು. ಆದರೆ ಗೊತ್ತಿರೋದನ್ನೂ ಹೇಳಲಿಲ್ಲ ನೋಡು. ಯೇಸುಸ್ವಾಮಿ ಹುಟ್ಟಿದ ಅಂತ ಗೊತ್ತಾಗಿ ರಾಜ ಈ ಊರಿನ ಗಂಡುಕೂಸುಗಳನ್ನೆಲ್ಲ ಕೊಲ್ಲಿಸಿದ. ಆ ಕೂಸುಗಳಿಗೆ ಯಾರು ಜ್ಞಾನಸ್ನಾನ ಕೊಟ್ಟಿದ್ದರು? ಯಾರೂ ಇಲ್ಲ. ಕ್ರಿಸ್‌ಮಸ್ ಆದ ಮೂರನೇ ದಿನ ಅವರನ್ನ ಸಂತರು ಅಂತ ಕರೆದು ನಾನೇ ಪೂಜೆ ಮಾಡ್ತೀನಿ. ವರ್ಷಾ ವರ್ಷಾ ಮಾಡ್ತೀನಿ. ನಮ್ಮ ಬೇಲಿ ಪಕ್ಕದಲ್ಲೇ ಇರೋ ಚರ್ಚಲ್ಲಿ ನಿಂತು ಮಾಡ್ತೀನಿ."

ಮತ್ತೊಂದು ಗುಡುಗು. ಅವರು ತಲೆ ತಗ್ಗಿಸಿ, ಅದು ಹಾದುಹೋದ ಮೇಲೆ ಮುಂದುವರಿಸಿದರು.

"ಅವನು ದೊಡ್ಡವನಾಗಿ ಬರಬಹುದಿತ್ತು. ಮಾತು ಬಾರದ ಕೂಸಾಗಿ ಬಂದ. ಊರೊಳಗೆ ಜಾಗ ಇಲ್ಲ ಅಂದರು, ಇಂಥ ಜಾಗದಲ್ಲಿ ಹುಟ್ಟಿದ. ಒಳಗಿರೋರಿಗೆ ಮಾತ್ರ ಅಂತಾಗಿದ್ದರೆ ಒಳಗೇ ಹುಟ್ಟುತ್ತಿದ್ದ. ಮಾತಾಡೋಕೆ, ಕ್ಷಮೆ ಕೇಳೋಕೆ, ಏನೂ ಮಾಡೋಕೆ ಆಗದೆ ಬರೀ ಹುಟ್ಟಿ ಹೋದ ಕೂಸುಗಳಿವೆಯಲ್ಲ, ಅವುಗಳ ಹತ್ತಿರಕ್ಕೂ ಹೋಗೋಕೆ ಅಂತ್ಲೇ ಅವನೂ ಹುಟ್ಟಿದ್ದು. ಇಷ್ಟನ್ನ ನಾನು ನಂಬ್ತೀನಿ. ಇದನ್ನ ನಂಬದೇ ಹೋದರೆ ಉಳಿದದ್ದನ್ನ ಹೇಗೆ ನಂಬಲಿ?"

ಮೇರಿ ಮುಖ ಒರೆಸಿಕೊಂಡಳು. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಇದ್ನ ಊರಲ್ಲೇ ಯೇಳಿದ್ರೆ ಆಯ್ತಿರ್ಲಿಲ್ವಾ ಫಾದರ್? ಸಾಯಕ್ಕೆ ಇಷ್ಟ್ ದೂರ ಬರ್ಬೇಕಿತ್ತಾ?"

ಇಲ್ಯಾಸ್ ಯಾವುದೋ ಎಲೆಯ ವಾಸನೆಯ ಚಹಾ ತಂದ. ಮೇರಿ ತನ್ನ ಲೋಟವನ್ನು ಅತ್ತೆಗೆ ಕೊಟ್ಟಳು. ತೆರೇಸಮ್ಮನ ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು. ಇಷ್ಟೆಲ್ಲ ಮಾಡಿ ಅವಳು ತಂದದ್ದು ಒಂದೇ ಚಪ್ಪಲಿ.

ಮರಳಿ ಸೇತುವೆ

ಚರ್ಚಿನ ಬಾಗಿಲು ನಾವಿರುವವರೆಗೂ ತೆರೆಯಲಿಲ್ಲ. ಯೇಸು ಹುಟ್ಟಿದ ಜಾಗದಲ್ಲಿ ಬೆಳ್ಳಿಯ ನಕ್ಷತ್ರವಿದೆಯಂತೆ, ನಾವು ನೋಡಲಿಲ್ಲ. ಆದ್ದರಿಂದ ಅದರ ವಿಷಯ ಬರೆಯಲಾರೆ. ಗಡಿ ತೆರೆದ ದಿನ ಬಸ್ಸಿನಲ್ಲಿ ಪರದೆ ಎಳೆದುಕೊಂಡು ಹೊರಟೆವು. ಪ್ರತಿ ತಿರುವಿನಲ್ಲೂ ಆಕಾಶ ನೋಡಿದೆ. ಸೇತುವೆಯ ಮೇಲೆ ಒಂದು ಲಾರಿಯ ಟೈರು ಸಿಡಿದಾಗ ನಾನು ಸೀಟಿನ ಕೆಳಗಿದ್ದೆ. ಮೆಟ್ಟೂರಿನ ಒಬ್ಬ ಅಜ್ಜ ನನ್ನನ್ನು ಎತ್ತಿ ಕೂರಿಸಿ, "ಒಣ್ಣುಮಿಲ್ಲಮ್ಮಾ" ಎಂದರು. ಏನೂ ಇಲ್ಲವಮ್ಮಾ ಎಂದು.

ಇಲ್ಯಾಸ್ ನಮ್ಮನ್ನು ಬೀಳ್ಕೊಡಲು ಹೋಟೆಲಿನವರೆಗೂ ಬಂದಿದ್ದ. ಅವನಿಗೆ ಎಲ್ಲಿಗೂ ಹೊರಡುವಂತಿರಲಿಲ್ಲ. ಆಗಾಗ ಈಗಲೂ ನೆನಪಾಗುವುದು ಅದೇ: ನಮಗೆ ಹಿಂತಿರುಗಲು ಊರಿತ್ತು.

ಹನೂರಿನಾಚೆ

ಊರಿಗೆ ಬಂದ ಮೇಲೆ ಫಾದರ್ ರಾಯಪ್ಪ ಚರ್ಚಿನ ಹಿರಿಯರನ್ನು ಸೇರಿಸಿದರು. ಸ್ಮಶಾನದ ಗೋಡೆ ಒಡೆದು ಬೇಲಿಯ ಪಟ್ಟಿಯನ್ನು ಒಳಗೆ ಸೇರಿಸೋಣ ಎಂದರು. ಹಿರಿಯರು ಒಪ್ಪಲಿಲ್ಲ. ಹಿಂದಿನವರು ಮಾಡಿದ್ದನ್ನು ಮುಟ್ಟಬಾರದು ಎಂದರು. ಎಷ್ಟು ಮಾತಾಡಿದರೂ ಕೊನೆಗೆ ಒಪ್ಪಿದ್ದು ಆಚೆ ನಿಂತು ಪ್ರಾರ್ಥನೆ ಮಾಡುವುದಕ್ಕೆ ಮಾತ್ರ.

ಕೊಳ್ಳೇಗಾಲದಿಂದ ನಾನೂ ಹೋಗಿದ್ದೆ. ಸವರಿ ಊರುಗೋಲಿನಲ್ಲೇ ಕಳ್ಳಿ ಕಡಿದು ದಾರಿ ಮಾಡಿದ್ದ. ಫಾದರ್ ಪೂಜೆಯ ಬಿಳಿಬಟ್ಟೆ ತೊಟ್ಟು ಗೋಡೆ ಸುತ್ತಿ ಹೊರಗೆ ಬಂದರು. ಮೇರಿಗೆ ತನ್ನ ಮಗುವಿನ ಜಾಗವನ್ನು ಸವರಿ ತೋರಿಸಿದ. ತೆರೇಸಮ್ಮ ತನ್ನದನ್ನು ಹುಡುಕಿದಳು. "ಇಲ್ಲೇ" ಎಂದಳು. ಆಮೇಲೆ "ಅಲ್ಲ, ಇನ್ನೊಸಿ ಅತ್ಲಾಗೆ" ಎಂದಳು. ಕಲ್ಲು ಇರಲಿಲ್ಲ, ಗುರುತಿರಲಿಲ್ಲ. ಮಳೆಗೆ ನೆಲವೆಲ್ಲ ಸಮನಾಗಿತ್ತು. ಅವಳು ಹುಡುಕುತ್ತಲೇ ಇದ್ದಳು, ನಾವು ನೋಡುತ್ತಲೇ ಇದ್ದೆವು. ಕೊನೆಗೆ ಮೇರಿ ಹೋಗಿ ಅತ್ತೆಯ ಕೈ ಹಿಡಿದು ತನ್ನ ಮಗುವಿನ ಬಳಿ ಕರೆತಂದು ನಿಲ್ಲಿಸಿಕೊಂಡಳು. "ಪಕ್ದಲ್ಲೇ ಮಡುಗ್ಸಿದ್ದೆ ಅಂದ್ಯಲ್ಲತ್ತೆ. ಅಂಗಾರೆ ಇಲ್ಲೇ ಎಲ್ಲೋ ಅದೆ" ಎಂದಳು. ಫಾದರ್ ಬೇಲಿಯ ಉದ್ದಕ್ಕೂ, ಆ ತುದಿಯಿಂದ ಈ ತುದಿಯವರೆಗೆ, ತೀರ್ಥ ಚಿಮುಕಿಸುತ್ತ ನಡೆದರು. ಅಲ್ಲಿ ಎಷ್ಟು ಕೂಸುಗಳಿವೆಯೋ ಯಾರಿಗೂ ಗೊತ್ತಿಲ್ಲ.

ಆಮೇಲೆ ನನಗೆ ಯಾರೂ ಮುಂಚೆ ಹೇಳದಿದ್ದ ಒಂದು ಸಂಗತಿ ನಡೆಯಿತು. ಸತ್ತ ದೊಡ್ಡವರಿಗೆ ಬಾರಿಸುವ ಗಂಟೆಯನ್ನು ಚರ್ಚಿನ ಗೋಪುರದಲ್ಲಿ ಯಾರೋ ಎಳೆದರು. ತಲೆಯ ಮೇಲೆಯೇ ಸಿಡಿದಂತಾಯಿತು. ನಾನು ಎಲ್ಲಿದ್ದೇನೆಂಬುದು ಮರೆತುಹೋಯಿತು. ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಮಣ್ಣಿಗೆ ಬಿದ್ದೆ. ಬಾಯಲ್ಲಿ ಮಣ್ಣಿನ ರುಚಿ.

ಯಾರೋ ನನ್ನ ಮೇಲೆ ಬಗ್ಗಿ ಭುಜ ಹಿಡಿದರು. ಮೇರಿ.

"ಗಂಟೆ ಕಣಕ್ಕಾ. ಎದ್ರುಕೋಬೇಡ. ನಮ್ ಕೂಸ್ಗೊಳಿಗೆ ಒಡೀತಾವ್ರೆ."

ಅವಳು ನನ್ನನ್ನು ಎಬ್ಬಿಸಲು ನೋಡಿದಳು. ಗಂಟೆ ನಿಲ್ಲುವವರೆಗೂ ನನಗೆ ಏಳಲಾಗಲಿಲ್ಲ. ಅವಳೂ ಅಲ್ಲೇ ನೆಲದ ಮೇಲೆ ನನ್ನ ಪಕ್ಕದಲ್ಲಿ ಕುಳಿತುಬಿಟ್ಟಳು.